ಚಂದ್ರ ರಾತ್ರಿ ಮಾತ್ರ ಬರುತ್ತಾನಾ? ಪುಟ್ಟ ಮಕ್ಕಳಿಗೆ ಆಕಾಶ ತೋರಿಸುವ ಮುನ್ನ

ಮಕ್ಕಳ ಚಿತ್ರಪುಸ್ತಕ ತೆರೆದರೆ ಹಗಲಿನ ಪುಟದಲ್ಲಿ ಸೂರ್ಯ, ರಾತ್ರಿಯ ಪುಟದಲ್ಲಿ ಚಂದ್ರ. ಫ್ಯಾಮಿಲಿ ಗ್ರೂಪಿಗೆ ಬರುವ ‘ಮಕ್ಕಳಿಗೆ ಹೀಗೆ ಕಲಿಸಿ’ ಎಂಬ ವಿಡಿಯೋಗಳಲ್ಲೂ ಇದೇ ಪಾಠ: ಸೂರ್ಯ ಹೋದ, ಚಂದ್ರ ಬಂದ. ಕೇಳಲು ಚೆಂದ, ಆದರೆ ಸರಿಯಲ್ಲ. ಹಗಲು ಹೊತ್ತಿನಲ್ಲೇ ಆಕಾಶದಲ್ಲಿ ಚಂದ್ರನನ್ನು ಕಂಡ ಮಗು ‘ಅಲ್ನೋಡು’ ಎಂದರೆ, ದೊಡ್ಡವರು ತಲೆ ಎತ್ತದೆಯೇ ‘ಹಗಲಲ್ಲಿ ಎಲ್ಲಿಯ ಚಂದ್ರ’ ಎಂದುಬಿಡುತ್ತಾರೆ. ತನ್ನ ಕಣ್ಣು ಕಂಡದ್ದೇ ತಪ್ಪು ಎಂದು ಮಗು ಕಲಿಯುವುದು ಹೀಗೆ.

ಚಂದ್ರ ಹಗಲಲ್ಲೂ ಕಾಣುತ್ತಾನೆ, ಅದೂ ತಿಂಗಳ ಬಹಳಷ್ಟು ದಿನ. ಅವನು ಪ್ರತಿದಿನ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಏಳುತ್ತಾನೆ. ಶುಕ್ಲ ಪಕ್ಷದ ಅಷ್ಟಮಿಯಂದು ಹುಟ್ಟುವುದು ಸುಮಾರು ಮಧ್ಯಾಹ್ನಕ್ಕೆ. ಮಗು ಶಾಲೆಯಿಂದ ಬರುವ ನಾಲ್ಕು ಗಂಟೆಗೆ ಪೂರ್ವದ ಕಡೆ ಮೇಲೆ ಅರ್ಧಚಂದ್ರ ಇರುತ್ತಾನೆ. ಕೃಷ್ಣ ಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ ಶಾಲೆಗೆ ಹೊರಡುವಾಗ ಪಶ್ಚಿಮದ ಕಡೆ ಕಾಣುತ್ತಾನೆ. ಇದಕ್ಕೆ ಯಾವ ಆ್ಯಪ್ ಕೂಡ ಬೇಡ, ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡಿದರೆ ಸಾಕು.

ಹಾಗಾದರೆ ‘ಚಂದಮಾಮ’ನ ಕಥೆ ಬಿಡಬೇಕಾ? ಖಂಡಿತ ಬೇಡ. ಚಂದ್ರನನ್ನು ತೋರಿಸುತ್ತಾ ತುತ್ತು ತಿನ್ನಿಸುವುದರಿಂದ ಯಾರ ವಿಜ್ಞಾನವೂ ಹಾಳಾಗುವುದಿಲ್ಲ. ತೊಂದರೆ ಬರುವುದು ಮಗು ನಿಜವಾಗಿಯೂ ‘ಯಾಕೆ’ ಎಂದು ಕೇಳಿದಾಗ ನಾವು ಏನೋ ಒಂದು ಹೇಳಿ ಸಾಗಹಾಕಿದರೆ. ಮಕ್ಕಳು ಕೇಳಿದ್ದನ್ನೆಲ್ಲ ಸೇರಿಸಿ ತಮ್ಮದೇ ಒಂದು ಚಿತ್ರ ಕಟ್ಟಿಕೊಳ್ಳುತ್ತಾರೆ. ಹೈದರಾಬಾದಿನ ಶಾಲಾಮಕ್ಕಳ ಜತೆ ಮಾತನಾಡಿ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭೂಮಿ ನೀರಿನ ಮೇಲೆ ನಿಂತಿದೆ ಎಂದು ನಂಬಿದ್ದ ಮಕ್ಕಳಿದ್ದರು. ಮನೆಯಲ್ಲಿ ಕೇಳಿದ ಕಥೆ, ಶಾಲೆಯಲ್ಲಿ ಕೇಳಿದ ‘ದುಂಡಗಿನ ಭೂಮಿ’, ಎರಡೂ ಒಂದೇ ತಲೆಯಲ್ಲಿ ಹೊಂದಿಕೊಂಡು ಕೂರುತ್ತವೆ. ಬರೀ ‘ಭೂಮಿ ತಿರುಗುತ್ತದೆ’ ಎಂದು ಬಾಯಿಪಾಠ ಮಾಡಿಸಿದರೆ ಈ ಚಿತ್ರ ಬದಲಾಗದು.

ಬದಲಾಯಿಸಲು ನಮಗೆ ಇಷ್ಟವಾದ ದಾರಿ ಇದು. ಕತ್ತಲೆ ಕೋಣೆಯಲ್ಲಿ ಒಂದೇ ಬಲ್ಬ್ ಹಾಕಿ. ಅದೇ ಸೂರ್ಯ. ಮಗುವಿನ ತಲೆಯೇ ಭೂಮಿ. ನಿಂತಲ್ಲೇ ನಿಧಾನ ತಿರುಗಲು ಹೇಳಿ: ಬಲ್ಬ್ ಮುಖದ ಎದುರು ಬಂದರೆ ಹಗಲು, ಬೆನ್ನ ಹಿಂದೆ ಹೋದರೆ ರಾತ್ರಿ. ಬಲ್ಬ್ ಎಲ್ಲೂ ಹೋಗಲಿಲ್ಲ, ಆರಲೂ ಇಲ್ಲ. ಈಗ ಕೈಗೊಂದು ಬಿಳಿ ಚೆಂಡು ಕೊಟ್ಟು, ತಲೆಗಿಂತ ತುಸು ಮೇಲೆ ಹಿಡಿದು ಮತ್ತೆ ತಿರುಗಿಸಿ. ಚೆಂಡಿನ ಮೇಲೆ ಬೆಳಕು ಬಿದ್ದ ಭಾಗ ತೆಳು ಗೆರೆಯಾಗಿ, ಅರ್ಧವಾಗಿ, ಪೂರ್ತಿಯಾಗಿ ಕಾಣುತ್ತದೆ. ಅಮಾವಾಸ್ಯೆ, ಅಷ್ಟಮಿ, ಹುಣ್ಣಿಮೆ ಎಲ್ಲ ಇಲ್ಲೇ ಇವೆ. ‘ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣಗಾಗುತ್ತಾನೆ’ ಎಂದು ನಮ್ಮಲ್ಲಿ ಎಷ್ಟೋ ದೊಡ್ಡವರೂ ನಂಬಿದ್ದಾರೆ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಚಂದ್ರಗ್ರಹಣದಲ್ಲಿ ಮಾತ್ರ. ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಅದು ಪ್ರತಿ ಹುಣ್ಣಿಮೆಗೂ ಆಗುವುದಿಲ್ಲ.

ಹಗಲಿನ ಆಟಕ್ಕೆ ಅಂಗಳದಲ್ಲಿ ಒಂದು ಕೋಲು ನೆಟ್ಟು, ನೆರಳಿನ ತುದಿಗೆ ಗಂಟೆಗೊಮ್ಮೆ ಸೀಮೆಸುಣ್ಣದ ಗುರುತು ಹಾಕಿಸಿ. ‘ಮಧ್ಯಾಹ್ನ 12ಕ್ಕೆ ಸೂರ್ಯ ನೆತ್ತಿಯ ಮೇಲೆ’ ಎಂಬ ಪಾಠವೂ ಆಗ ಪರೀಕ್ಷೆಗೆ ಒಳಗಾಗುತ್ತದೆ. ಬೆಂಗಳೂರಿನಲ್ಲಿ ಸೂರ್ಯ ನಿಜಕ್ಕೂ ನೆತ್ತಿಯ ಮೇಲೆ ಬಂದು ನೇರ ಕೋಲಿನ ನೆರಳು ಮಾಯವಾಗುವುದು ವರ್ಷಕ್ಕೆ ಎರಡೇ ಬಾರಿ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಅದೂ 12.15ರಿಂದ 12.25ರ ನಡುವೆ.

ಒಂದು ವಿಷಯದಲ್ಲಿ ಮಾತ್ರ ಸಲುಗೆ ಬೇಡ: ಸೂರ್ಯನನ್ನು ನೇರ ನೋಡಬಾರದು. ಕಣ್ಣಿನ ರೆಟಿನಾಗೆ ನೋವು ತಿಳಿಯುವುದಿಲ್ಲ, ಹಾಗಾಗಿ ಸುಡುತ್ತಿದ್ದರೂ ಮಗು ‘ಅಯ್ಯೋ’ ಎನ್ನುವುದಿಲ್ಲ. ಗ್ರಹಣದ ದಿನ ಎಕ್ಸ್‌ರೇ ಫಿಲ್ಮ್, ತಂಪು ಕನ್ನಡಕ, ಮಸಿ ಹಿಡಿದ ಗಾಜು ಯಾವುದೂ ಸುರಕ್ಷಿತವಲ್ಲ. ಹಾಗೆಂದು ಮಗುವನ್ನು ಕೋಣೆಯಲ್ಲಿ ಕೂಡಿಹಾಕಬೇಕಿಲ್ಲ. ಮರದ ಕೆಳಗೆ ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ಬೆಳಕಿನ ಚುಕ್ಕಿಗಳೆಲ್ಲ ಆಗ ಕುಡುಗೋಲಿನಂತೆ ಬಾಗುತ್ತವೆ, ಅದನ್ನು ತೋರಿಸಿ. ಚಂದ್ರಗ್ರಹಣವನ್ನಂತೂ ಬರಿಗಣ್ಣಲ್ಲಿ ಧಾರಾಳವಾಗಿ ನೋಡಬಹುದು.

ಇನ್ನು ಆಗಸ್ಟ್ ಬಂತೆಂದರೆ ಹರಿದಾಡುವ ‘27ರ ರಾತ್ರಿ ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ, ಮಕ್ಕಳನ್ನು ಎಬ್ಬಿಸಿ ತೋರಿಸಿ’ ಎಂಬ ಫಾರ್ವರ್ಡ್. ಇದರ ಮೂಲ 2003ರ ಒಂದು ಇಮೇಲ್. ಆ ವರ್ಷ ಆಗಸ್ಟ್ 27ರಂದು ಮಂಗಳ ನಿಜಕ್ಕೂ ಬಹಳ ಹತ್ತಿರ, ಅಂದರೆ ಸುಮಾರು 5.6 ಕೋಟಿ ಕಿಲೋಮೀಟರ್ ದೂರಕ್ಕೆ ಬಂದಿತ್ತು. 75 ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ನೋಡಿದರೆ ಬರಿಗಣ್ಣಿಗೆ ಚಂದ್ರ ಕಾಣುವಷ್ಟು ಕಾಣುತ್ತದೆ ಎಂದು ಅದರಲ್ಲಿತ್ತು. ದೂರದರ್ಶಕದ ಮಾತು ಉದುರಿಹೋಯಿತು, ಉಳಿದದ್ದು ಇಂದಿಗೂ ಓಡುತ್ತಿದೆ. ನಿದ್ದೆಗೆಟ್ಟ ಮಗುವಿಗೆ ಸಿಗುವುದು ಹೆಚ್ಚೆಂದರೆ ಒಂದು ಕೆಂಪು ಚುಕ್ಕಿ.

ಎಬ್ಬಿಸಲೇಬೇಕಿಲ್ಲದ ನೋಟಗಳೂ ಇವೆ. ಜನವರಿ, ಫೆಬ್ರವರಿಯ ಸಂಜೆ ಊಟಕ್ಕೆ ಮುಂಚೆ ಒಂದೇ ಸಾಲಿನಲ್ಲಿರುವ ಮೂರು ನಕ್ಷತ್ರಗಳನ್ನು ಹುಡುಕಿಸಿ. ಅದು ಮಹಾವ್ಯಾಧನ ನಡುಪಟ್ಟಿ. ನಗರದ ದೀಪಗಳ ನಡುವೆಯೂ ಕಾಣುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉತ್ತರದ ಕಡೆ ಸಪ್ತರ್ಷಿ ಮಂಡಲ. ಧ್ರುವ ನಕ್ಷತ್ರ ತಲೆಯ ಮೇಲೆ ಇರುತ್ತದೆ ಎಂದುಕೊಂಡು ಹುಡುಕಿದರೆ ನಮ್ಮ ಕಡೆ ಸಿಗದು. ಬೆಂಗಳೂರಿನಲ್ಲಿ ಅದು ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿದೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಮಕ್ಕಳ ಮುಷ್ಟಿಗೂ ಈ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ.