ಅಂಗಿಯ ಬಿಳುಪು ಯಾರದು?

ಗಾಂಧಿ ಗಂಜದಲ್ಲಿ ಕಾಳುಕಡಿ ಕೊಳ್ಳುವ ಬೀದರಿನ ನಮಗೆ ಅಗಸಿ ಎಂದರೆ ರೊಟ್ಟಿಯ ಜೊತೆಗಿನ ಹಿಂಡಿ, ಇಲ್ಲವೇ ಗಾಣದ ಎಣ್ಣೆ. ಕಾಳು ಬಿಡಿಸಿದ ಮೇಲೆ ಅದರ ಕಡ್ಡಿಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯುರೋಪಿನವರಿಗೆ ಮುಖ್ಯವಾಗಿದ್ದುದು ಆ ಕಡ್ಡಿಯೇ. ಎತ್ತರಕ್ಕೆ ಬೆಳೆಯುವ ಅಗಸೆ ತಳಿಯನ್ನು ಬೇರುಸಹಿತ ಕಿತ್ತು, ನೀರಿನಲ್ಲಿ ಕೊಳೆಹಾಕಿ, ಬಡಿದು, ಬಾಚಿ ತೆಗೆದ ನಾರಿನಿಂದ ನೇಯ್ದ ಬಟ್ಟೆಯೇ ಲಿನನ್.

18ನೇ ಶತಮಾನದ ಯುರೋಪಿನ ಗಂಡಸರಿಗೆ ಲಿನನ್ ಅಂಗಿಯೇ ಒಳಉಡುಪು. ತೊಡೆ ಮುಚ್ಚುವಷ್ಟು ಉದ್ದವಿದ್ದ ಅದರ ಹಿಂದುಮುಂದಿನ ಅಂಚುಗಳನ್ನು ಕಾಲುಗಳ ನಡುವೆ ಸೇರಿಸಿ ಮೇಲೆ ಷರಾಯಿ ತೊಟ್ಟರೆ ಚಡ್ಡಿಯ ಕೆಲಸವೂ ಆಗುತ್ತಿತ್ತು. ಕೆಲವರು ಸೊಂಟಕ್ಕೂ ಮೊಣಕಾಲಿಗೂ ಲಾಡಿ ಕಟ್ಟುವ ಚಲ್ಲಣ ತೊಡುತ್ತಿದ್ದರು. ಬಟ್ಟೆ ದುಬಾರಿ, ಹಾಗಾಗಿ ಚೂರೂ ಹಾಳಾಗದಂತೆ ಚೌಕ, ಆಯತಗಳಾಗಿಯೇ ಅಂಗಿಯನ್ನು ಕತ್ತರಿಸುತ್ತಿದ್ದರು. ಕಂಕುಳಿಗೊಂದು ಚೌಕ ತುಂಡು, ನಮ್ಮ ದರ್ಜಿಗಳು ಕುರ್ತಾಕ್ಕೆ ಹಾಕುವಂತೆಯೇ.

ಮೈಗೆ ನೀರು ಹಾಕಿಕೊಳ್ಳುವುದು ಮಾತ್ರ ಅಪರೂಪ. ಬಿಸಿನೀರು ಚರ್ಮದ ರಂಧ್ರ ತೆರೆದು ರೋಗವನ್ನು ಒಳಗೆ ಬಿಡುತ್ತದೆಂಬ ಭಯ 16ನೇ ಶತಮಾನದಿಂದಲೇ ಬೇರೂರಿತ್ತು. ಬೆವರು ಹೀರಿದ ಅಂಗಿಯನ್ನು ಬದಲಿಸಿದರೆ ಮೈ ಶುದ್ಧವಾದಂತೆಯೇ ಎಂದು ನಂಬಿದ್ದರು. ಕೊರಳು, ಮಣಿಕಟ್ಟುಗಳಲ್ಲಿ ಇಣುಕುವ ಬಿಳುಪೇ ಮರ್ಯಾದಸ್ಥನ ಗುರುತು.

ಇಂದು ವಸ್ತುಸಂಗ್ರಹಾಲಯವಾಗಿರುವ ಬೀದರ ಕೋಟೆಯ ಶಾಹಿ ಹಮಾಮನ್ನು ನೋಡಿದವರಿಗೆ ಇದು ನಗು ತರಿಸೀತು. ಆದರೆ ನಗುವ ಮುನ್ನ ಆ ಬಿಳುಪು ಯಾರದೆಂದು ಕೇಳಿಕೊಳ್ಳಬೇಕು. ಬೂದಿನೀರಿನಲ್ಲಿ ನೆನೆಸಿ, ಬಡಿದು, ಹುಲ್ಲಿನ ಮೇಲೆ ಬಿಸಿಲಿಗೆ ಹರಡಿದವರು ಬಡ ಹೆಂಗಸರು. ಒಗೆಯಲು ಹೋದ ಅಂಗಿ ಅದಲುಬದಲಾಗದಿರಲೆಂದು ಒಡೆಯನ ಹೆಸರಿನ ಅಕ್ಷರಗಳನ್ನು ಅದರ ಮೇಲೆ ದಾರದಿಂದ ಹೊಲಿದಿರುತ್ತಿದ್ದರು. ಒಗೆದವಳ ಹೆಸರು ಅದರಲ್ಲಿ ಎಲ್ಲೂ ಇಲ್ಲ.

ನಮ್ಮ ನಾಡಿನ ಕಥೆ ಬೇರೆಯೇನಲ್ಲ. ಮಡಿ ಮಾಡಿಕೊಟ್ಟವನನ್ನು ಮಡಿವಾಳನೆಂದು ಕರೆದ ಸಮಾಜವೇ ಅವನನ್ನು ಹೊಸ್ತಿಲ ಹೊರಗೆ ನಿಲ್ಲಿಸಿತು. ಒಂದೇ ಸಾಲಿನಲ್ಲಿ ನಿಂತು ನಮಾಜು ಮಾಡುವ ನಾವಾದರೂ ಹೆಣ್ಣು ಕೊಟ್ಟು ತರುವಾಗ ಧೋಬಿಯ ಬಿರಾದರಿಯನ್ನು ದೂರವೇ ಇಟ್ಟಿದ್ದುಂಟು. ಹಮಾಮಿನ ಹೆಮ್ಮೆ ಈ ಕಲೆಯನ್ನು ತೊಳೆಯಲಾರದು.

ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಿಲ್ಲ. ಇದೇ ಜಿಲ್ಲೆಯ ಕಲ್ಯಾಣದಲ್ಲಿ, 12ನೇ ಶತಮಾನದಲ್ಲಿ, ಬಟ್ಟೆ ಒಗೆಯುತ್ತಿದ್ದ ಮಡಿವಾಳ ಮಾಚಿದೇವ ಬಸವಣ್ಣನವರಂಥ ಶರಣರ ಸರಿಸಮನಾಗಿ ನಿಂತರು. ಕಾಯಕವಿಲ್ಲದವರ ಬಟ್ಟೆಯನ್ನು ಅವರು ಮುಟ್ಟುತ್ತಿರಲಿಲ್ಲವೆಂಬ ಪ್ರತೀತಿ ಇದೆ. ಅಂಗಿ ಬೆಳ್ಳಗಿದ್ದರೆ ಸಾಲದು, ಅದನ್ನು ತೊಟ್ಟವನ ಬದುಕೂ ಹಾಗಿರಬೇಕು ಎಂಬುದೇ ಇದರ ಅರ್ಥವಲ್ಲವೇ?