ಕಾಲದ ಅಳತೆಯೂ ಕಾಲದ ಬೆಲೆಯೂ

ಕಾಲವು ಒಂದೇ, ಅದನ್ನು ಅಳೆಯುವ ಕೋಲುಗಳು ಹಲವು. ಶಾಸನ ಬರೆಸಿದ ಅರಸ, ಲಗ್ನ ನೋಡುವ ಜೋಯಿಸ, ಬೀಜ ಬಿತ್ತುವ ಒಕ್ಕಲಿಗ, ರೈಲು ನಡೆಸುವ ಅಧಿಕಾರಿ ಇವರೆಲ್ಲರೂ ‘ಕಾಲ’ ಎಂದಾಗ ಅವರವರ ಮನದಲ್ಲಿದ್ದ ಅರ್ಥ ಬೇರೆ ಬೇರೆ.

ಅರಸರಿಗೆ ಕಾಲವೆಂದರೆ ನೆನಪು ಮತ್ತು ಹಕ್ಕು. ಒಂದನೆಯ ಪುಲಕೇಶಿಯು ಬಾದಾಮಿಯ ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಅಲ್ಲಿನ ಬಂಡೆಯ ಮೇಲೆ ಶಕ 465, ಅಂದರೆ ಕ್ರಿ.ಶ. 543 ಎಂದು ಕೊರೆಯಲಾಗಿದೆ. ಐಹೊಳೆಯಲ್ಲಿ 634ರಲ್ಲಿ ರವಿಕೀರ್ತಿಯು ಶಕ 556ರ ಜೊತೆಗೆ, ಭಾರತ ಯುದ್ಧದಿಂದ 3735 ವರ್ಷಗಳಾದವೆಂದೂ ಎಣಿಸಿದನು. ಮುಂದಿನ ದಾನಶಾಸನಗಳಲ್ಲಿ ಸಂವತ್ಸರ, ತಿಥಿ, ವಾರ, ಸಂಕ್ರಮಣ, ಗ್ರಹಣಗಳು ಬಂದವು. ದಾನಿಯು ಪುಣ್ಯಕ್ಕೆಂದು ಬರೆಸಿದ ಗ್ರಹಣವೇ ಇಂದು ಇತಿಹಾಸಕಾರನಿಗೆ ದಿನಾಂಕವನ್ನು ಒರೆಹಚ್ಚುವ ಸಾಧನವಾಗಿದೆ.

ಜೋಯಿಸನಿಗೆ ಕಾಲವೆಂದರೆ ಮುಹೂರ್ತ. ತಳದಲ್ಲಿ ಸಣ್ಣ ರಂಧ್ರವಿದ್ದ ತಾಮ್ರದ ಗಳಿಗೆಬಟ್ಟಲನ್ನು ನೀರಿನಲ್ಲಿ ತೇಲಿಬಿಡುತ್ತಿದ್ದರು. ಅದು ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ದಿನಕ್ಕೆ 60 ಗಳಿಗೆ. ಹನ್ನೆರಡನೆಯ ಶತಮಾನದ ಶರಣರು ಈ ಅಳತೆಯನ್ನು ಅಲ್ಲಗಳೆಯಲಿಲ್ಲ. ಶುಭಗಳಿಗೆ, ಅಶುಭಗಳಿಗೆ ಎಂಬ ಭಯವನ್ನು ಮಾತ್ರ ಅಲ್ಲಗಳೆದರು.

ಒಕ್ಕಲಿಗನ ಕಾಲ ಮಳೆಯ ನಕ್ಷತ್ರದ್ದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಸುಮಾರು ಹದಿಮೂರು ಹದಿನಾಲ್ಕು ದಿನ ನಿಲ್ಲುವನು. ರೋಹಿಣಿ, ಮೃಗಶಿರ, ಆರಿದ್ರಾ ಎಂಬ ಹೆಸರುಗಳಲ್ಲಿಯೇ ಬಿತ್ತನೆಯ ಪಂಚಾಂಗವಿದೆ.

ರೈಲು ಬಂದ ಮೇಲೆ ಊರೂರಿನ ಸೂರ್ಯ ಸಾಲದಾಯಿತು. 1906ರ ಜನವರಿ 1ರಿಂದ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಕಾಲಮಾನವು ಜಾರಿಗೆ ಬಂದಿತು. ಬೆಳಗಾವಿ ಜಿಲ್ಲೆಯು ಆಗ ಸೇರಿದ್ದ ಪ್ರಾಂತದ ರಾಜಧಾನಿ ಮುಂಬಯಿ ಮಾತ್ರ, 39 ನಿಮಿಷ ಹಿಂದಿದ್ದ ತನ್ನ ಹಳೆಯ ವೇಳೆಯನ್ನು ಬಿಡಲು ಬಹುಕಾಲ ಒಪ್ಪಲಿಲ್ಲ. ಗಡಿಯಾರದ ಮುಳ್ಳಿನ ಹಿಂದೆಯೂ ಅಧಿಕಾರವಿದೆಯೆಂಬುದನ್ನು ಜನ ಅಂದೇ ಅರಿತಿದ್ದರು.

ಶಿರಗುಪ್ಪಿಯ ಸೀಮೆಯಲ್ಲಿ ಈ ಎಲ್ಲ ಕಾಲಗಳೂ ಇಂದು ಒಟ್ಟಿಗೆ ನಡೆಯುತ್ತಿವೆ. ಮಳೆಯನ್ನು ನಕ್ಷತ್ರದಿಂದ ಎಣಿಸುವ ರೈತನೇ ಕಬ್ಬು ಕಡಿದ ಮೇಲೆ ಗಂಟೆಗಳನ್ನು ಎಣಿಸಬೇಕು; ಕಡಿದ ಕಬ್ಬು ತಡವಾದಷ್ಟೂ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ತೀರಗ್ರಾಮಗಳನ್ನು ಆವರಿಸಿದಾಗ ಕಾಲದ ಅರ್ಥ ಇನ್ನೂ ಕಠಿಣವಾಯಿತು. ಕೊಯ್ನಾ ಜಲಾಶಯದಿಂದ ಬಿಟ್ಟ ನೀರು ರಾಜಾಪುರ ಬ್ಯಾರೇಜನ್ನು ದಾಟಿ ಊರಂಚಿಗೆ ಬರುವಷ್ಟು ಹೊತ್ತೇ ಮಕ್ಕಳನ್ನೂ ವೃದ್ಧರನ್ನೂ ದನಕರುಗಳನ್ನೂ ಎತ್ತರಕ್ಕೆ ಸಾಗಿಸಲು ದೊರೆಯುವ ಹೊತ್ತು. ಆಗ ಯಾರೂ ಪಂಚಾಂಗ ತೆರೆದು ರಾಹುಕಾಲವನ್ನು ನೋಡುವುದಿಲ್ಲ.

ಅಳತೆಯ ಕೋಲು ಯಾವುದಾದರೂ ಇರಲಿ, ಮಾಡಬೇಕಾದ ಕೆಲಸ ಮುಂದೆ ನಿಂತ ಕ್ಷಣವೇ ಕಾಯಕಜೀವಿಗೆ ಸಕಾಲ. ಕಾಲವನ್ನು ಅಳೆಯುವುದು ಶಾಸ್ತ್ರ. ಅದು ಕೈಮೀರುವ ಮುನ್ನ ಇನ್ನೊಬ್ಬರಿಗೆ ಒದಗುವುದು ಧರ್ಮ.