ಕಾಣದ ಶಾಯಿಯ ಸುಳಿವುಗಳು

ಒಗಟು ಒಡ್ಡಿದವರು ಉತ್ತರವನ್ನು ಒಡನೆಯೇ ಬಿಟ್ಟುಕೊಡುವುದಿಲ್ಲ. ಎದುರಿಗಿರುವವರು ‘ಸೋತೆ’ ಎನ್ನುವವರೆಗೆ ಕಾಯುತ್ತಾರೆ. ಆ ಸಂಯಮವನ್ನೇ ಮುದ್ರಿಸಿದ ಹೊತ್ತಿಗೆಯೊಂದು ಅಮೆರಿಕದಲ್ಲಿತ್ತು.

ಇನ್ಫೋಕಾಮ್ ಸಂಸ್ಥೆಯ ‘ಝೋರ್ಕ್’ ಆಟ ಮನೆಯ ಕಂಪ್ಯೂಟರುಗಳಿಗೆ ಬಂದದ್ದು 1980ರಲ್ಲಿ. ಅದರಲ್ಲಿ ಚಿತ್ರಗಳಿರಲಿಲ್ಲ. ಪರದೆಯ ವರ್ಣನೆಯನ್ನು ಓದಿ, ಆಜ್ಞೆಗಳನ್ನು ಟೈಪು ಮಾಡಿ, ಪಾತಾಳದ ಸಾಮ್ರಾಜ್ಯದಲ್ಲಿ ನಿಧಿ ಹುಡುಕಬೇಕಿತ್ತು. ದಾರಿಗಾಣದ ಆಟಗಾರರ ಪತ್ರಗಳಿಗೆ ಮೈಕ್ ಡಾರ್ನ್‌ಬ್ರೂಕ್ ಒಂದೊಂದಾಗಿ ಉತ್ತರಿಸುತ್ತಿದ್ದರು. ಪತ್ರಗಳು ಹೆಚ್ಚಿದಾಗ, 1982ರಲ್ಲಿ, ಅವರ ‘ಇನ್‌ವಿಸಿಕ್ಲೂಸ್’ ಹುಟ್ಟಿತು.

ಅದರಲ್ಲಿ ಕಣ್ಣಿಗೆ ಕಾಣುತ್ತಿದ್ದುದು ಪ್ರಶ್ನೆಗಳು ಮಾತ್ರ. ಜೊತೆಗೆ ಕೊಟ್ಟ ಲೇಖನಿಯನ್ನು ಖಾಲಿ ಜಾಗದ ಮೇಲೆ ಆಡಿಸಿದರೆ ಸುಳಿವು ಮೂಡುತ್ತಿತ್ತು: ಮೊದಲು ಬರಿಯ ಸೂಚನೆ, ಬಳಿಕ ಇನ್ನಷ್ಟು ಸ್ಪಷ್ಟ ಮಾತು, ಕೊನೆಗೆ ಪೂರ್ಣ ಉತ್ತರ. ಆಟದಲ್ಲಿಲ್ಲದ ಸಂಗತಿಗಳ ಹುಸಿ ಪ್ರಶ್ನೆಗಳೂ ನಡುವೆ ಇದ್ದವು. ಪ್ರಶ್ನೆಗಳಿಂದಲೇ ಗುಟ್ಟು ಊಹಿಸುವವರನ್ನು ದಾರಿ ತಪ್ಪಿಸಲು.

ಗೈಡುಗಳನ್ನು ಉರುಹೊಡೆದು ಇಂಗ್ಲಿಷ್ ಎಂ.ಎ. ಮುಗಿಸಿದ ನಮಗೆ ಇದು ಮುಜುಗರದ ಪಾಠ. ನಾಟಕ ತೆರೆಯುವ ಮೊದಲೇ ಅವು ಅದರ ಅರ್ಥವನ್ನು ಒಪ್ಪಿಸಿಬಿಡುತ್ತಿದ್ದವು. ಪರೀಕ್ಷೆ ದಾಟಿದೆವು, ಆ ನಾಟಕಗಳಲ್ಲಿ ಕೆಲವನ್ನು ಇಂದಿಗೂ ಓದಿಲ್ಲ. ಇನ್‌ವಿಸಿಕ್ಲೂಸ್ ಸಾಲುಸಾಲಿಗೂ ತಡೆದು ಕೇಳುತ್ತಿತ್ತು: ಇಷ್ಟು ಸಾಕೆ, ಇನ್ನೂ ಬೇಕೆ? ನಮ್ಮನ್ನು ಹಾಗೆ ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.